ಅಜ್ಜನ ಫ್ಲ್ಯಾಶ್, ಮೊಮ್ಮಗಳ ಕ್ಯಾಮೆರಾ

ಒಂದು ಕಾಲಕ್ಕೆ ಸ್ಟುಡಿಯೋ ಇಟ್ಟಿದ್ದವರ ಮನೆಗಳಲ್ಲಿ ಹಳೇ ಕ್ಯಾಮೆರಾ ಯಾವಾಗಲೋ ಮಾರಿ ಹೋಗಿರುತ್ತದೆ. ಫ್ಲ್ಯಾಶ್ ಮಾತ್ರ ಬೀರುವಿನ ಮೂಲೆಯಲ್ಲಿ ಉಳಿದಿರುತ್ತದೆ. ವಿವಿಟಾರ್, ಸನ್‌ಪ್ಯಾಕ್, ನ್ಯಾಷನಲ್, ಮೆಟ್ಜ್... ಹೊಸ ಸೆಲ್ ಹಾಕಿ ಸ್ವಿಚ್ ಒತ್ತಿದರೆ ಇವತ್ತಿಗೂ ಸಣ್ಣಗೆ ಕುಂಯ್ ಅನ್ನುವ ಸದ್ದು, ಸ್ವಲ್ಪ ಹೊತ್ತಿಗೆ ಹಿಂದುಗಡೆ ಪುಟ್ಟ ದೀಪ. ಹೊಸ ಫ್ಲ್ಯಾಶ್‌ಗೆ ಸಾವಿರಗಟ್ಟಲೆ ಸುರಿಯುವ ಬದಲು ಇದನ್ನೇ ಡಿಜಿಟಲ್ ಕ್ಯಾಮೆರಾ ಮೇಲೆ ಕೂರಿಸಿದರೆ ಆಯ್ತಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಅನ್ನಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಕೂರಿಸುವುದಕ್ಕೆ ಮುಂಚೆ ಐದು ನಿಮಿಷದ ಒಂದು ಕೆಲಸ ಇದೆ. ಅದನ್ನು ಬಿಟ್ಟರೆ ಕ್ಯಾಮೆರಾಕ್ಕೇ ಕುತ್ತು.

ಈ ವಾರ ಇದನ್ನು ಬರೆಯುವುದಕ್ಕೆ ಕಾರಣ ನನ್ನ ಅಕ್ಕನ ಮಗಳು. ಡಿಗ್ರಿ ಮುಗಿಸಿ, ಕಂತಿನ ಮೇಲೆ ಕ್ಯಾಮೆರಾ ತಗೊಂಡಿದ್ದಾಳೆ. ಇನ್ನೂ ಒಂಬತ್ತು ಕಂತು ಬಾಕಿ. ದುಡ್ಡು ಕೊಡುವ ಮೊದಲನೇ ಕೆಲಸ ಸಿಕ್ಕಿತ್ತು, ಪಕ್ಕದ ಬೀದಿಯಲ್ಲಿ ಒಂದು ನಾಮಕರಣ. ನಮ್ಮಪ್ಪ ಸ್ಟುಡಿಯೋದಲ್ಲಿ ಬಳಸುತ್ತಿದ್ದ ವಿವಿಟಾರ್ 283 ಹಿಡಿದುಕೊಂಡು ಬಂದು, “ಮಾಮ, ಅಜ್ಜನ ಫ್ಲ್ಯಾಶನ್ನೇ ಹಾಕ್ಕೊಂಡು ಮಾಡ್ತೀನಿ. ಕ್ಯಾಮೆರಾ ಮೇಲೆ ಸರಿಯಾಗಿ ಕೂತ್ಕೊಳ್ಳತ್ತೆ,” ಅಂದಳು.

“ಕೂತ್ಕೊಳ್ಳತ್ತೆ ಕಣೆ. ಆದ್ರೆ ಈಗಲೇ ಬೇಡ, ತಡಿ,” ಅಂದೆ.

ಯಾಕೆ ತಡೆದೆ ಅಂದರೆ, ಫ್ಲ್ಯಾಶ್ ಒಳಗೆ ದೊಡ್ಡದೊಂದು ಕೆಪಾಸಿಟರ್ ಇರುತ್ತದೆ. ನಾಲ್ಕು ಎಎ ಸೆಲ್ ಕೊಡುವ ಆರು ವೋಲ್ಟನ್ನು ಸುಮಾರು 300 ವೋಲ್ಟಿಗೆ ಏರಿಸಿ ಅದರಲ್ಲಿ ತುಂಬಿಸಲಾಗುತ್ತದೆ. ಕುಂಯ್ ಸದ್ದು ಬರುವುದು ಆ ಏರಿಸುವ ಕೆಲಸದಿಂದ. ಕ್ಯಾಮೆರಾದ ಬಟನ್ ಒತ್ತಿದಾಗ ಎರಡು ತುದಿ ಒಂದಕ್ಕೊಂದು ಸೇರಿ, ಇನ್ನೊಂದು ಸಣ್ಣ ಕೆಪಾಸಿಟರ್ ಒಂದು ಕಾಯಿಲ್ ಮೂಲಕ ಖಾಲಿಯಾಗುತ್ತದೆ. ಆ ಕಾಯಿಲ್‌ನಿಂದ ಹೊರಡುವ ಸಾವಿರಾರು ವೋಲ್ಟಿನ ಕಿಡಿಗೆ ಝೆನಾನ್ ಟ್ಯೂಬು ಮಿಂಚುತ್ತದೆ. ಹಳೆಯ ಫ್ಲ್ಯಾಶ್‌ಗಳಲ್ಲಿ ಈ ಸಣ್ಣ ಕೆಪಾಸಿಟರಿನ ವೋಲ್ಟೇಜು ನೇರವಾಗಿ ಕ್ಯಾಮೆರಾ ಮೂಲಕವೇ ಹಾಯುತ್ತಿತ್ತು. 100, 200, ಕೆಲವದರಲ್ಲಿ ಇನ್ನೂ ಜಾಸ್ತಿ.

ಫಿಲಂ ಕ್ಯಾಮೆರಾಕ್ಕೆ ಅದರಿಂದ ಅಂಥಾ ತೊಂದರೆ ಇರಲಿಲ್ಲ. ಶಟರ್ ಒಳಗೆ ಎರಡು ಲೋಹದ ಪಟ್ಟಿ ಮುಟ್ಟಿಕೊಳ್ಳುತ್ತಿದ್ದವು, ಅಷ್ಟೆ. ಡಿಜಿಟಲ್ ಕ್ಯಾಮೆರಾದಲ್ಲಿ ಆ ಕೆಲಸ ಮಾಡುವುದು ಸಣ್ಣದೊಂದು ಎಲೆಕ್ಟ್ರಾನಿಕ್ ಸ್ವಿಚ್. ಅದಕ್ಕೆ ಇಂತಿಷ್ಟೇ ವೋಲ್ಟ್ ಅಂತ ಮಿತಿ ಇರುತ್ತದೆ, ಆ ಮಿತಿ ಎಲ್ಲ ಕ್ಯಾಮೆರಾಕ್ಕೂ ಒಂದೇ ಅಲ್ಲ. ನಿಕಾನ್‌ನ ಎಷ್ಟೋ ಕ್ಯಾಮೆರಾಗಳ ಕೈಪಿಡಿಯಲ್ಲಿ 250 ವೋಲ್ಟ್ ಮೀರಬಾರದು ಅಂತ ಇದೆ. ಬರೀ 6 ವೋಲ್ಟ್ ಮಿತಿ ಅಂತ ಹೇಳಿಸಿಕೊಂಡ ಕ್ಯಾಮೆರಾಗಳೂ ಇವೆ. ನಮ್ಮ ಹುಡುಗಿಯ ಕ್ಯಾಮೆರಾ ಪುಸ್ತಕದಲ್ಲಿ ಸಂಖ್ಯೆ ಕೊಟ್ಟಿರಲಿಲ್ಲ, ಹೈ ವೋಲ್ಟೇಜ್ ಫ್ಲ್ಯಾಶ್ ಹಾಕಬೇಡಿ ಅಂತ ಮಾತ್ರ ಇತ್ತು.

“ನನ್ನ ಫ್ರೆಂಡೊಬ್ಬ ಹಾಕ್ತಾನೆ ಮಾಮ, ಅವನ ಕ್ಯಾಮೆರಾಕ್ಕೆ ಏನೂ ಆಗಿಲ್ಲ,” ಅಂದಳು. ಆಗದೆಯೂ ಇರಬಹುದು. ಒಂದೇ ಮಾಡೆಲ್ ನಂಬರಿನ ಎರಡು ಫ್ಲ್ಯಾಶ್‌ಗಳ ವೋಲ್ಟೇಜು ಒಂದೇ ಇರುತ್ತದೆ ಅಂತಲೂ ಇಲ್ಲ. 283ನ್ನೇ ತೆಗೆದುಕೊಳ್ಳಿ. ಜಪಾನಿನಲ್ಲಿ ತಯಾರಾದ ಮೊದಮೊದಲ ಎಷ್ಟೋ ಫ್ಲ್ಯಾಶ್‌ಗಳಲ್ಲಿ 200 ವೋಲ್ಟಿಗೂ ಜಾಸ್ತಿ, ಆಮೇಲೆ ಬಂದ ಹಲವದರಲ್ಲಿ ಹತ್ತರ ಆಸುಪಾಸು. ಹೆಸರು ನೋಡಿ ತೀರ್ಮಾನಿಸುವ ಹಾಗಿಲ್ಲ. ನಮ್ಮ ಕೈಲಿರುವುದನ್ನು ಅಳೆದೇ ನೋಡಬೇಕು.

ಅಳೆಯೋದು ಕಷ್ಟ ಅಲ್ಲ. ಡಿಜಿಟಲ್ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿ, 500ಕ್ಕಿಂತ ಮೇಲಿನ ರೇಂಜಿಗೆ ಇಡಿ. ಫ್ಲ್ಯಾಶ್‌ಗೆ ಹೊಸ ಸೆಲ್ ಹಾಕಿ ಆನ್ ಮಾಡಿ. ದೀಪ ಹತ್ತಿದ ಮೇಲೂ ಒಂದು ನಿಮಿಷ ಕಾಯಿರಿ. ಫ್ಲ್ಯಾಶ್‌ನ ಪಾದದ ಅಡಿಯಲ್ಲಿ, ನಡುಮಧ್ಯೆ ಇರುವ ಲೋಹದ ಬೊಟ್ಟಿಗೆ ಕೆಂಪು ತುದಿ, ಪಾದದ ಅಂಚಿನ ಲೋಹಕ್ಕೆ ಕಪ್ಪು ತುದಿ. ಬೆರಳು ಎರಡಕ್ಕೂ ತಾಗದಿರಲಿ. ಮೈನಸ್ ಗುರುತು ಬಂದರೆ ಆ ಫ್ಲ್ಯಾಶನ್ನು ಕ್ಯಾಮೆರಾ ಮೇಲೆ ಕೂರಿಸಲೇಬೇಡಿ. ನಮ್ಮಪ್ಪನದು 212 ತೋರಿಸಿತು. ಹುಡುಗಿ ಮೀಟರನ್ನೂ ನೋಡಿದಳು, ತನ್ನ ಕ್ಯಾಮೆರಾವನ್ನೂ ನೋಡಿದಳು. ಆಮೇಲೆ ಮಾತಾಡಲಿಲ್ಲ.

ಹಾಗಂತ ಫ್ಲ್ಯಾಶನ್ನು ಗುಜರಿಗೆ ಹಾಕಬೇಕಿಲ್ಲ. ಕ್ಯಾಮೆರಾಕ್ಕೂ ಅದಕ್ಕೂ ನಡುವೆ ತಂತಿ ಸಂಬಂಧ ಇಲ್ಲದ ಹಾಗೆ ನೋಡಿಕೊಂಡರೆ ಸಾಕು. ರೇಡಿಯೋ ಟ್ರಿಗರ್ ಅಂತ ಜೋಡಿ ಸಿಗುತ್ತದೆ. ಒಂದು ಕ್ಯಾಮೆರಾ ಮೇಲೆ, ಇನ್ನೊಂದು ಫ್ಲ್ಯಾಶ್ ಕೆಳಗೆ. ಫ್ಲ್ಯಾಶ್ ಕೆಳಗಿನದು 300 ವೋಲ್ಟ್ ತನಕ ತಡೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿರುವುದನ್ನು ಹುಡುಕಿ ತರಿಸಿದೆವು. ಇದನ್ನು ನೋಡದೆ ಕೊಂಡರೆ ಕ್ಯಾಮೆರಾ ಬದಲು ಟ್ರಿಗರ್ ಸುಡುತ್ತದೆ. ಹಾಟ್ ಶೂ ನಡುವೆ ಕೂರಿಸುವ ವೋಲ್ಟೇಜ್ ಇಳಿಸುವ ಅಡಾಪ್ಟರುಗಳೂ ಇವೆ. ಇನ್ನೊಂದು ಮಾತು, ಇತ್ತೀಚಿನ ಕೆಲವು ಕಡಿಮೆ ಬೆಲೆಯ ಕ್ಯಾನನ್ ಕ್ಯಾಮೆರಾಗಳ ಶೂನಲ್ಲಿ ನಡುವಿನ ಬೊಟ್ಟೇ ಇಲ್ಲ. ಅಂಥದರಲ್ಲಿ ಹಳೇ ಫ್ಲ್ಯಾಶ್ ಆಗಲಿ, ಸಾದಾ ಟ್ರಿಗರ್ ಆಗಲಿ ಕೆಲಸ ಮಾಡುವುದಿಲ್ಲ. ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಇಪ್ಪತ್ತು ವರ್ಷ ಸುಮ್ಮನಿದ್ದ ಫ್ಲ್ಯಾಶನ್ನು ಮೊದಲ ದಿನವೇ ದುಡಿಸಬೇಡಿ. ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಇದ್ದರೆ ಒರೆಸಿ. ಆನ್ ಮಾಡಿ ಕೆಲವು ನಿಮಿಷ ಬಿಟ್ಟು, ಟೆಸ್ಟ್ ಬಟನ್ ಒತ್ತಿ, ಮತ್ತೆ ತುಂಬಲು ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಜಡ್ಡುಗಟ್ಟಿದ ಕೆಪಾಸಿಟರ್ ಚೇತರಿಸಿಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ, ತುಂಬಾ ಬಿಸಿಯಾದರೆ, ಅಲ್ಲಿಗೇ ನಿಲ್ಲಿಸಿ. ಎಂಥಾ ಸಂದರ್ಭದಲ್ಲೂ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಬೇಡಿ. ಸೆಲ್ ತೆಗೆದ ಮೇಲೂ ಒಳಗಿನ 300 ವೋಲ್ಟ್ ಬಹಳ ಹೊತ್ತು ಉಳಿದಿರಬಹುದು. ಆ ಹೊಡೆತ ಪ್ರಾಣಕ್ಕೇ ಅಪಾಯ. ಮಕ್ಕಳಿರುವ ಮನೆಯಲ್ಲಂತೂ ಅದನ್ನು ಆಟಿಕೆ ಮಾಡಬೇಡಿ.

ಹಳೇ ಫ್ಲ್ಯಾಶ್‌ಗೆ ಹೊಸ ಕ್ಯಾಮೆರಾ ಜೊತೆ ಮಾತಾಡಲು ಬರುವುದಿಲ್ಲ, ಹೀಗಾಗಿ ಕ್ಯಾಮೆರಾವನ್ನು ಮ್ಯಾನುಯಲ್‌ನಲ್ಲಿಡಿ. ಶಟರ್ 1/125 ಇದ್ದರೆ ಸಾಮಾನ್ಯವಾಗಿ ಯೋಚನೆ ಇಲ್ಲ. ಅಪರ್ಚರಿಗೆ ಅಪ್ಪನ ಕಾಲದ ಲೆಕ್ಕವೇ ಸಾಕು. 283ರ ಗೈಡ್ ನಂಬರ್ ಐಎಸ್‌ಒ 100ಕ್ಕೆ, ಅಡಿಗಳ ಲೆಕ್ಕದಲ್ಲಿ 120. ಅದನ್ನು ದೂರದಿಂದ ಭಾಗಿಸಿ. 15 ಅಡಿ ದೂರಕ್ಕೆ ಎಫ್ 8. ನಮ್ಮಪ್ಪ ಇದನ್ನು ಬಾಯಲ್ಲೇ ಹೇಳಿ, ಫಿಲಂ ತೊಳೆದು ಬರುವ ತನಕ ದೇವರ ಮೇಲೆ ಭಾರ ಹಾಕುತ್ತಿದ್ದರು. ಇವಳಿಗೆ ಮರುಕ್ಷಣವೇ ಪರದೆಯ ಮೇಲೆ ಕಾಣುತ್ತದೆ.

ನಾಮಕರಣದ ದಿನ ಫ್ಲ್ಯಾಶನ್ನು ಸ್ಟ್ಯಾಂಡಿನ ಮೇಲಿಟ್ಟು, ತಲೆಯನ್ನು ಬಿಳೀ ಸೂರಿನ ಕಡೆ ತಿರುಗಿಸಿದ್ದಳು. ಹಾಗೆ ಪುಟಿದು ಬರುವ ಬೆಳಕಿಗೆ ಅಪರ್ಚರ್ ಇನ್ನೂ ಎರಡು ಸ್ಟಾಪ್ ತೆರೆಯಬೇಕಾಯಿತು, ಆದರೆ ಮಗುವಿನ ಕಣ್ಣಿಗೆ ನೇರ ಹೊಡೆಯಲಿಲ್ಲ. ತೊಟ್ಟಿಲ ಶಾಸ್ತ್ರದ ಫೋಟೋಗಳು ಮೆತ್ತಗೆ, ಚೆನ್ನಾಗಿ ಬಂದಿವೆ. ಅವರ ಮನೆಯವರೇ ಮುಂದಿನ ತಿಂಗಳ ಒಂದು ನಿಶ್ಚಿತಾರ್ಥಕ್ಕೂ ಹೇಳಿದ್ದಾರೆ.

ನಿಮ್ಮ ಬೀರುವಿನಲ್ಲೂ ಇಂಥದೊಂದು ಇದ್ದರೆ ಈ ಭಾನುವಾರ ತೆಗೆದು ಅಳೆಯಿರಿ. ಮೀಟರ್ ಇಲ್ಲದಿದ್ದರೆ ಟಿವಿ ರಿಪೇರಿ ಮಾಡುವವರ ಹತ್ತಿರ ಇರುತ್ತದೆ. ಬಂದ ಸಂಖ್ಯೆಯನ್ನು ಒಂದು ಚೂರು ಪ್ಲಾಸ್ಟರ್ ಮೇಲೆ ಬರೆದು ಫ್ಲ್ಯಾಶ್‌ನ ಪಾದದ ಹತ್ತಿರ ಅಂಟಿಸಿಬಿಡಿ. ನೀವು ಊರಲ್ಲಿ ಇಲ್ಲದಾಗ ಮನೆಯ ಹುಡುಗರು ಅದನ್ನು ಕೈಗೆತ್ತಿಕೊಂಡರೆ, ಕ್ಯಾಮೆರಾ ಮೇಲೆ ಕೂರಿಸುವ ಮುಂಚೆ ಅದು ಅವರ ಕಣ್ಣಿಗೆ ಬೀಳಲಿ.