ಕಣ್ಣು ಹೇಳುವ ಆಳ ನಿಜವಲ್ಲ

ಬೇಸಿಗೆ ರಜೆ ಬಂತೆಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆಯ ಮಕ್ಕಳು ಬುತ್ತಿ ಕಟ್ಟಿಕೊಂಡು ಹಿಡಕಲ್ ಜಲಾಶಯಕ್ಕೆ ಹೊರಡುವುದುಂಟು. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭಾ ನದಿಗೆ ಕಟ್ಟಿದ ಈ ಅಣೆಕಟ್ಟಿನ ಸಾಮರ್ಥ್ಯ 51 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ! ಬಿಸಿಲೇರಿ ನೀರು ಇಳಿದಾಗ ಹಿನ್ನೀರಿನಲ್ಲಿ ಮುಳುಗಿದ್ದ ಹುನ್ನೂರಿನ ವಿಠ್ಠಲ ಮಂದಿರ ಮೇಲೆ ಕಾಣುತ್ತದೆ. ನೋಡಲೇಬೇಕಾದ ನೋಟವದು.

ಹೊರಡುವ ಮುನ್ನ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಬಟ್ಟಲಿನ ತಳದಲ್ಲಿ ನಾಣ್ಯವಿಟ್ಟು, ಅದು ಅಂಚಿನ ಮರೆಯಾಗುವವರೆಗೆ ಹಿಂದೆ ಸರಿಯಿರಿ. ಈಗ ತಂಗಿಯಿಂದ ಮೆಲ್ಲನೆ ನೀರು ಹಾಕಿಸಿ. ನಾಣ್ಯ ಮತ್ತೆ ಕಾಣುತ್ತದೆ! ನೀರಿನಿಂದ ಗಾಳಿಗೆ ಬರುವ ಬೆಳಕು ಬಾಗುವುದರಿಂದ ತಳ ಮೇಲೆದ್ದಂತೆ ತೋರುತ್ತದೆ. ಇದೇ ವಕ್ರೀಭವನ.

ನೇರ ಮೇಲಿನಿಂದ ನೋಡಿದರೆ ತಿಳಿನೀರಿನ ಆಳ ಮುಕ್ಕಾಲು ಭಾಗದಷ್ಟೇ ಕಾಣುತ್ತದೆ. ದಂಡೆಯಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಆರು ಅಡಿ ನೀರು ನಾಲ್ಕೂವರೆ ಅಡಿಯೆನಿಸುತ್ತದೆ. ಐದು ಅಡಿ ಎತ್ತರದ ಹುಡುಗ ‘ಕುತ್ತಿಗೆಮಟ್ಟ ತಾನೆ’ ಎಂದು ಇಳಿದರೆ ನೀರು ಅವನ ತಲೆಯ ಮೇಲೆ ಒಂದು ಅಡಿ ಇರುತ್ತದೆ. ಕದಡಿದ ನೀರಿನಲ್ಲಂತೂ ತಳವೇ ಕಾಣದು.

ಪಾಲಕರೇ, ಬುತ್ತಿಯ ಜೊತೆ ಹಗ್ಗ ಹಾಗೂ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನ್ ಒಯ್ಯಿರಿ. ಆರ್ಕಿಮಿಡೀಸನ ನಿಯಮದಂತೆ ಅದು ಸುಮಾರು ಐದು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ನೀರಿನಲ್ಲಿ ಮೈ ಹಗುರ. ಮುಖ ಮೇಲಿರಲು ಅಷ್ಟು ಆಸರೆ ಸಾಕು. ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರಬೇಡಿ. ಹಗ್ಗ ಕಟ್ಟಿದ ಕ್ಯಾನ್ ಎಸೆಯಿರಿ, ಜನರನ್ನು ಕೂಗಿ.

ಅಥಣಿ, ಕಾಗವಾಡದ ಮಕ್ಕಳೇ, ಕೃಷ್ಣೆಯ ದಂಡೆಗೂ ಇದೇ ಪಾಠ. ದಡದಲ್ಲಿ ಆಡಿ, ಹಕ್ಕಿ ನೋಡಿ, ರೊಟ್ಟಿ ತಿನ್ನಿ; ಆಳವನ್ನು ಮಾತ್ರ ಕಣ್ಣಿನಿಂದ ಅಳೆಯಬೇಡಿ.