ಬಿದನೂರಿನ ಕೋಟೆಗೆ ಹೊಸ ಗೋಡೆ ಬೇಕೇ?

ಹೊಸನಗರ ತಾಲ್ಲೂಕಿನ ನಗರದ ಕೋಟೆಯೊಳಗೆ ಕಾಲಿಟ್ಟು ಹತ್ತು ನಿಮಿಷವಾಗಿರಲಿಲ್ಲ. ಹನ್ನೊಂದು ವರ್ಷದ ಮೊಮ್ಮಗ ಕೇಳಿದ: ‘ಅಜ್ಜಾ, ಕೋಟೆ ಎಲ್ಲಿ?’ ನಾವು ನಿಂತಿದ್ದುದೇ ಕೋಟೆಯಲ್ಲಿ. ಜಂಬಿಟ್ಟಿಗೆಯ ಗೋಡೆಗಳು, ದರ್ಬಾರು ನಡೆಯುತ್ತಿತ್ತೆಂದು ಹೇಳುವ ಕಟ್ಟಡದ ತಳಪಾಯ, ಅಕ್ಕ-ತಂಗಿ ಕೊಳ, ಎಲ್ಲವೂ ಅವನ ಕಣ್ಣೆದುರಿಗೇ ಇದ್ದವು. ಆದರೆ ಅವನ ಮನಸ್ಸಿನಲ್ಲಿದ್ದ ಕೋಟೆ ಬೇರೆಯೇ ಆಗಿತ್ತು.

ಹುಡುಗ ಬೆಳೆಯುತ್ತಿರುವುದು ಕೆನಡಾದ ಎಡ್ಮಂಟನ್ ನಗರದಲ್ಲಿ. ಮಗಳ ಮನೆಗೆ ಹೋಗಿದ್ದಾಗ ನನ್ನನ್ನೂ ಅಲ್ಲಿನ ಫೋರ್ಟ್ ಎಡ್ಮಂಟನ್ ಪಾರ್ಕಿಗೆ ಕರೆದೊಯ್ದಿದ್ದರು. ನಾರ್ತ್ ಸಸ್ಕಾಚವನ್ ನದಿಯ ಕಣಿವೆಯಲ್ಲಿರುವ ಈ ಇತಿಹಾಸ ಉದ್ಯಾನದಲ್ಲಿ ಹಡ್ಸನ್ಸ್ ಬೇ ಕಂಪನಿಯ ತುಪ್ಪಳ ವ್ಯಾಪಾರದ ಕೋಟೆಯನ್ನು 1846ರಲ್ಲಿ ಇದ್ದಂತೆ ಮರದಿಂದ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅಂದಿನ ವೇಷ ತೊಟ್ಟವರು ಅಂದಿನ ಬದುಕನ್ನು ವಿವರಿಸುತ್ತಾರೆ. ಮಕ್ಕಳು ನಲಿಯುತ್ತಾ ಕಲಿಯುತ್ತಾರೆ. ಅದನ್ನು ಕಂಡು ನಾನೂ ಮಾರುಹೋದೆ. ನಮ್ಮ ಮಲೆನಾಡಿನಲ್ಲಿ ಇಂಥದ್ದೊಂದು ಏಕಿಲ್ಲ ಎಂದು ಅಸೂಯೆಯನ್ನೂ ಪಟ್ಟೆ.

ಆ ಅಸೂಯೆ ಸಕಾರಣವೋ ಎಂಬುದನ್ನು ಈ ಬಾರಿಯ ಪ್ರವಾಸ ನನಗೆ ಕಲಿಸಿತು. ಬೆಳಿಗ್ಗೆ ಸಾಗರದ ಸಮೀಪದ ವರದಮೂಲದಿಂದ ಹೊರಟಿದ್ದೆವು. ಅಲ್ಲಿನ ದೇವಾಲಯದ ಕೊಳದಲ್ಲಿ ಹುಟ್ಟುವ ವರದಾ ನದಿ ಉತ್ತರಕ್ಕೆ ಹರಿದು, ಕದಂಬರ ಬನವಾಸಿಯನ್ನು ಬಳಸಿ, ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಹತ್ತಿರದಲ್ಲೇ ಇಕ್ಕೇರಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಂಡ ಆ ರಾಜಧಾನಿಯಲ್ಲಿ ಇಂದು ತಲೆಯೆತ್ತಿ ನಿಂತಿರುವುದು ಮುಖ್ಯವಾಗಿ ಅಘೋರೇಶ್ವರ ದೇವಾಲಯ. ಕೆಳದಿಯ ನಾಯಕರು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ 1640ರ ಸುಮಾರಿಗೆ ಬಿದನೂರಿಗೆ ರಾಜಧಾನಿಯನ್ನು ಬದಲಿಸಿದರು. ಬಿದನೂರೇ ಇಂದಿನ ನಗರ. ಘಟ್ಟದ ಅಂಚಿನ ಈ ಗಡಿನೆಲದಿಂದಲೇ ಅವರು ಕರಾವಳಿಯ ಅಕ್ಕಿ, ಮೆಣಸಿನ ವ್ಯಾಪಾರದ ಮೇಲೆ ಹಿಡಿತ ಸಾಧಿಸಿದ್ದು, ಪೋರ್ಚುಗೀಸರನ್ನು ಎದುರಿಸಿದ್ದು.

ಈ ಪ್ರದೇಶ ಈಗ ಪ್ರವಾಸೋದ್ಯಮದ ಹೊಸ್ತಿಲಲ್ಲಿದೆ. 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಜನ ಬಂದರೆ ಅವರಿಗೆ ತೋರಿಸುವುದೇನು ಎಂಬ ಪ್ರಶ್ನೆ ಏಳುತ್ತದೆ. ಬಿದ್ದ ಕೋಟೆಯನ್ನು ಎತ್ತಿ ಕಟ್ಟಿ, ಸುತ್ತ ಉದ್ಯಾನ ಮಾಡಿ, ಸಂಜೆ ಧ್ವನಿ–ಬೆಳಕಿನ ಪ್ರದರ್ಶನ ಏರ್ಪಡಿಸುವುದು ಸುಲಭವಾಗಿ ಹೊಳೆಯುವ ಉತ್ತರ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಲೆನಾಡಿನ ಯುವಕರು ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಪಾಳುಗೋಡೆಯ ಮುಂದೆ ನಿಂತ ಶಾಲಾ ಮಕ್ಕಳಿಗೆ ಏನೂ ಕಾಣುವುದಿಲ್ಲ ಎಂಬುದಕ್ಕೆ ನನ್ನ ಮೊಮ್ಮಗನೇ ಸಾಕ್ಷಿ.

ಆದರೆ ಕಟ್ಟುವುದಾದರೆ ಯಾವ ಕೋಟೆಯನ್ನು ಕಟ್ಟಬೇಕು? ಶಿವಪ್ಪ ನಾಯಕನ ಕಾಲದ್ದನ್ನೇ? ಔರಂಗಜೇಬನ ಕೋಪವನ್ನು ಲೆಕ್ಕಿಸದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮನ ಕಾಲದ್ದನ್ನೇ? 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ವಶಪಡಿಸಿಕೊಂಡ ಹೈದರಾಲಿ ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ. ಊರಿನ ಇಂದಿನ ಹೆಸರು ಅದರದೇ ಉಳಿಕೆ. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಇದನ್ನು ಹಿಡಿದ. ಅದೇ ವರ್ಷ ಟಿಪ್ಪು ಮರಳಿ ಪಡೆದ. ಈಗ ಉಳಿದಿರುವ ಪಾಳು ಇವರೆಲ್ಲರದೂ ಹೌದು. ಹೊಸ ಗೋಡೆ ಎದ್ದರೆ ಅದು ಯಾರಾದರೂ ಒಬ್ಬರದಾಗುತ್ತದೆ. ಆ ಒಬ್ಬರು ಯಾರೆಂಬುದನ್ನು ಆಯಾ ಕಾಲದ ರಾಜಕಾರಣ ನಿರ್ಧರಿಸುತ್ತದೆ. ಇತಿಹಾಸದ ಹೆಸರಿನಲ್ಲಿ ನಾವು ಈಗಾಗಲೇ ಆಡುತ್ತಿರುವ ಜಗಳಗಳು ಸಾಲವೇ?

ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬುದು ಸ್ಮಾರಕ ಸಂರಕ್ಷಣೆಯ ಕುರಿತ 1964ರ ವೆನಿಸ್ ಸನ್ನದಿನ ತತ್ತ್ವ. ಬಿದ್ದ ಮೂಲ ಭಾಗಗಳನ್ನು ಮರಳಿ ಜೋಡಿಸಬಹುದು. ಇಲ್ಲದ್ದನ್ನು ಕಲ್ಪಿಸಿ ಕಟ್ಟಕೂಡದು. ನಮ್ಮ ಕಾನೂನೂ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣವನ್ನು ನಿಷೇಧಿಸಿದೆ. ಎಡ್ಮಂಟನ್ನಿನಲ್ಲಿ ಈ ತೊಡಕು ಇರಲಿಲ್ಲ. ಅಲ್ಲಿನ ಮೂಲ ಕೋಟೆಯನ್ನು 1915ರಲ್ಲೇ ಕೆಡವಲಾಗಿತ್ತು. ಉದ್ಯಾನದ ಕೋಟೆ ಎದ್ದದ್ದು ಬೇರೊಂದು ಜಾಗದಲ್ಲಿ. ಕಳೆದುಕೊಂಡವರು ಪ್ರತಿಕೃತಿ ಮಾಡಿಕೊಂಡರು. ಮೂಲವನ್ನೇ ಕೈಯಲ್ಲಿ ಹಿಡಿದಿರುವ ನಮಗೆ ಪ್ರತಿಕೃತಿಯ ಆತುರವೇಕೆ?

ಆ ಉದ್ಯಾನದಿಂದ ನಾವು ಕಲಿಯಬೇಕಾದ ಪಾಠ ಬೇರೆ ಇದೆ. ವ್ಯಾಪಾರಿಗಳ ಕೋಟೆ ಎದ್ದು ದಶಕಗಳು ಕಳೆದ ಮೇಲೆ, 2021ರಲ್ಲಿ, ಆ ನೆಲದ ಮೂಲನಿವಾಸಿಗಳ ಬದುಕನ್ನು ಅವರ ದೃಷ್ಟಿಯಿಂದಲೇ ಹೇಳುವ ಪ್ರತ್ಯೇಕ ವಿಭಾಗ ಅಲ್ಲಿ ತೆರೆಯಿತು. ಕೋಟೆಯ ಕಥೆ ಕೋಟೆಯೊಳಗಿನವರದಷ್ಟೇ ಅಲ್ಲವೆಂಬುದು ಅವರಿಗೆ ತಡವಾಗಿಯಾದರೂ ಅರಿವಾಯಿತು.

ಮಲೆನಾಡಿನಲ್ಲಿ ಅಂಥ ಕಥೆಗಳಿಗೆ ಕೊರತೆಯಿಲ್ಲ. ಮಣ್ಣಿನ ಗುಣ, ಬೆಳೆಯ ಪ್ರಮಾಣ ನೋಡಿ ಕಂದಾಯ ಗೊತ್ತುಪಡಿಸಿದ ಶಿವಪ್ಪ ನಾಯಕನ ‘ಶಿಸ್ತು’ ಗೋಡೆಗಳಿಗಿಂತ ದೊಡ್ಡ ಸ್ಮಾರಕ. ಅದರ ಹಿಂದೆ ಗದ್ದೆ, ಅಡಿಕೆ ತೋಟಗಳಲ್ಲಿ ದುಡಿದವರಿದ್ದಾರೆ. ಇನ್ನು, ಲಿಂಗನಮಕ್ಕಿ ಅಣೆಕಟ್ಟು ತಲೆಯೆತ್ತಿದ್ದು ವೆನಿಸ್ ಸನ್ನದಿನ ವರ್ಷದಲ್ಲೇ. ಅದರ ಹಿನ್ನೀರಿನಲ್ಲಿ ಊರುಗಳು, ದೇವಸ್ಥಾನಗಳು, ಗದ್ದೆಗಳು, 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿದವು. ನೀರು ಇಳಿದ ಬೇಸಿಗೆಗಳಲ್ಲಿ ಆ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ನಾಡಿಗೆ ಬೆಳಕು ಕೊಟ್ಟು ಒಕ್ಕಲೆದ್ದವರ ಭೂಮಿಯ ಹಕ್ಕಿನ ಪ್ರಶ್ನೆ ಅರವತ್ತು ವರ್ಷಗಳ ನಂತರವೂ ಬಗೆಹರಿದಿಲ್ಲ. ನಾಯಕರಿಗೆ ಗೋಡೆ ಕಟ್ಟಿ ಇವರ ನೆನಪಿಗೆ ಒಂದು ಫಲಕವನ್ನೂ ಇಡದ ಇತಿಹಾಸ ಉದ್ಯಾನ ಅರ್ಧ ಸತ್ಯವನ್ನಷ್ಟೇ ಹೇಳೀತು.

ಹಾಗಾದರೆ ಮಾಡಬೇಕಾದುದೇನು? ಗೋಡೆ ಸೀಳುವ ಬೇರುಗಳನ್ನು ತೆಗೆಸುವುದು, ಮಳೆನೀರಿಗೆ ದಾರಿ ಮಾಡುವುದು ಮೊದಲ ಕೆಲಸ. ಸ್ಮಾರಕದ ಗಡಿಯಾಚೆ, ಊರಿನಲ್ಲೇ, ಒಂದು ಸರಳ ವಿವರಣಾ ಕೇಂದ್ರ. ಅದರಲ್ಲಿ ಕೋಟೆಯ ಮಾದರಿ, ಪ್ರತಿ ಕಾಲಘಟ್ಟದ ನಕ್ಷೆ. ಮೊಬೈಲ್ ಪರದೆಯ ಮೇಲೆ ಕಲ್ಪನೆಯ ಗೋಡೆ ಎಬ್ಬಿಸಿದರೆ ಯಾವ ಕಲ್ಲಿಗೂ ಪೆಟ್ಟಾಗದು, ತಪ್ಪಿದ್ದರೆ ತಿದ್ದಲೂಬಹುದು. ಊರಿನ ಯುವಕ ಯುವತಿಯರಿಗೆ ಮಾರ್ಗದರ್ಶಿಗಳಾಗಿ ತರಬೇತಿ ಕೊಟ್ಟರೆ ಕೆಲಸವೂ ಉಳಿದೀತು, ಕಥೆಯೂ ಉಳಿದೀತು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಗುಂಡಾ ಜೋಯಿಸರು ಜೀವಮಾನವಿಡೀ ಕೂಡಿಟ್ಟ ತಾಳೆಗರಿ, ದಾಖಲೆಗಳಿವೆ. ಕಾಂಕ್ರೀಟಿಗೆ ಸುರಿಯುವ ಹಣದ ಒಂದು ಪಾಲು ಅವುಗಳ ಅಧ್ಯಯನಕ್ಕೆ ಸಿಕ್ಕರೂ ಬಿದನೂರು ಹೆಚ್ಚು ಸ್ಪಷ್ಟವಾಗಿ ಕಂಡೀತು.

ಅಂದು ನಾನು ಮೊಮ್ಮಗನನ್ನು ಕೊಳದ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಯಾರು ಬಂದರು, ಯಾರು ಹೋದರು ಎಂದು ಗೊತ್ತಿದ್ದಷ್ಟು ಹೇಳಿದೆ. ಕೇಳಿಸಿಕೊಂಡವನು, ‘ಇಷ್ಟೆಲ್ಲ ಆಗಿದ್ದರೆ ಇಲ್ಲಿ ಯಾಕೆ ಬರೆದಿಟ್ಟಿಲ್ಲ, ಅಜ್ಜಾ?’ ಎಂದ. ಕೋಟೆ ಎಲ್ಲಿ ಎಂಬ ಅವನ ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಇದಕ್ಕೆ ಉತ್ತರಿಸಬೇಕಾದವರು ನಾವೆಲ್ಲರೂ.