ಹೊಸ ಕಾರಿಗೆ ಒಂದು ಮಳೆಗಾಲ ಕಾಯಬಾರದೇ?

ಅಡಿಕೆಯ ಹಣ ಕೈಸೇರುವ ತಿಂಗಳುಗಳಲ್ಲಿ ನಮ್ಮ ಊರುಗಳಲ್ಲಿ ಕಾರಿನ ಮಾತು ಏಳುವುದು ವಾಡಿಕೆ. ಈ ವರ್ಷ ನೆರೆಯ ಮೂರು ಮನೆಗಳಲ್ಲಿ ಆ ಚರ್ಚೆ ನಡೆದಿದೆ. ಮೂವರ ಕಣ್ಣೂ ಇದೀಗ ವಿನ್ಯಾಸ ಬದಲಿಸಿಕೊಂಡು ಮಾರುಕಟ್ಟೆಗೆ ಬಂದ ಮಾದರಿಗಳ ಮೇಲೆಯೇ. ‘ತಗೊಂಡ್ರೆ ಹೊಸ ಮಾಡೆಲ್ಲೇ ತಗೊಳ್ಬೇಕು ಮಾರಾಯ್ರೆ’ ಎಂದವರಿಗೆ, ಒಂದು ಮಳೆಗಾಲ ಕಳೆಯಲಿ ಎಂದೆ. ಈ ಉತ್ತರ ಯಾರಿಗೂ ರುಚಿಸಲಿಲ್ಲವಾದ್ದರಿಂದ ಕಾರಣವನ್ನು ಇಲ್ಲಿ ವಿವರಿಸಬೇಕಾಗಿದೆ.

ಕಂಪನಿಗಳು ಹೊಸ ಮಾದರಿಯನ್ನು ಬಿಸಿಲಲ್ಲೂ ಹಿಮದಲ್ಲೂ ಓಡಿಸಿ ಪರೀಕ್ಷಿಸುತ್ತವೆ, ನಿಜ. ಆದರೆ ಪರೀಕ್ಷೆಗೆ ಓಡುವ ಗಾಡಿಗಳು ಕೆಲವೇ, ಓಡಿಸುವವರು ನುರಿತವರು. ಸಾವಿರಾರು ಗಾಡಿಗಳು ಸಾವಿರಾರು ಬಗೆಯ ಕೈಗಳಿಗೆ ಸಿಕ್ಕ ಮೇಲೆಯೇ ಎಷ್ಟೋ ದೋಷಗಳು ಹೊರಬೀಳುವುದು.

ಟಾಟಾ ಇಂಡಿಕಾವನ್ನು ಹಿರಿಯ ಓದುಗರು ಮರೆತಿರಲಾರರು. 1998ರ ಡಿಸೆಂಬರಿನಲ್ಲಿ, ಆಗಿನ್ನೂ ಟೆಲ್ಕೋ ಎನಿಸಿಕೊಂಡಿದ್ದ ಕಂಪನಿ ಅದನ್ನು ಬಿಡುಗಡೆ ಮಾಡಿದಾಗ ಒಂದು ಲಕ್ಷಕ್ಕೂ ಮಿಕ್ಕಿ ಜನ ಹಣ ಕಟ್ಟಿ ಕಾದಿರಿಸಿದರು. ಮೊದಲ ಗಾಡಿಗಳು ರಸ್ತೆಗಿಳಿದ ಬೆನ್ನಿಗೇ ದೂರುಗಳೂ ಬಂದವು. ಕಂಪನಿ ಅವನ್ನು ಆಲಿಸಿ, ತಿದ್ದಿ, 2001ರಲ್ಲಿ ‘ವಿ2’ ಎಂಬ ಹೆಸರಿನಲ್ಲಿ ಮತ್ತೆ ತಂದಿತು. ಮುಂದೆ ವರ್ಷಾನುಗಟ್ಟಲೆ ಘಟ್ಟದ ರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ದುಡಿದದ್ದು ಈ ತಿದ್ದಿದ ಇಂಡಿಕಾ. ಮೊದಲು ಕೊಂಡವರು ತಮ್ಮ ದುಡ್ಡಿನಲ್ಲಿ ಪರೀಕ್ಷೆ ನಡೆಸಿಕೊಟ್ಟರು, ಎರಡನೆಯ ಸರದಿಯವರು ಫಲ ಉಂಡರು.

ಅದು ಹಳೆಯ ಕಥೆ ಎನ್ನುವವರಿಗೆ ಈಚಿನದೊಂದು ಉದಾಹರಣೆ. ಮಾರುತಿ ಕಂಪನಿಯ ಗ್ರ್ಯಾಂಡ್ ವಿಟಾರಾ ನಮ್ಮ ಬಿಡದಿಯಲ್ಲಿರುವ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾಗಿ 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ನಾಲ್ಕೇ ತಿಂಗಳಲ್ಲಿ, 2023ರ ಜನವರಿಯಲ್ಲಿ, ಹಿಂದಿನ ಸೀಟ್ ಬೆಲ್ಟಿನ ಬ್ರಾಕೆಟ್ ಸಡಿಲವಾಗಬಹುದೆಂಬ ಸಂದೇಹದಿಂದ 11,177 ಗಾಡಿಗಳನ್ನು ಹಿಂದಕ್ಕೆ ಕರೆಸಲಾಯಿತು. ಹೀಗೆ ಕರೆಸಿಕೊಳ್ಳುವುದು ಅವಮಾನವೇನೂ ಅಲ್ಲ, ಮುಚ್ಚಿಡುವುದಕ್ಕಿಂತ ಸಾವಿರ ಪಾಲು ಮೇಲು. 2012ರವರೆಗೆ ನಮ್ಮ ದೇಶದಲ್ಲಿ ಅದಕ್ಕೊಂದು ಸ್ವಯಂಪ್ರೇರಿತ ಸಂಹಿತೆಯೂ ಇರಲಿಲ್ಲ. ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆದೇಶಿಸುವ ಅಧಿಕಾರ ಸರ್ಕಾರಕ್ಕೆ ಕಾರ್ಯರೂಪದಲ್ಲಿ ದೊರೆತದ್ದು 2021ರ ಏಪ್ರಿಲ್‌ನಿಂದ. ದುರಸ್ತಿ ಉಚಿತವೇ. ಆದರೆ ಬೆಂಗಳೂರಿನವನು ಆಫೀಸಿಗೆ ಹೋಗುವಾಗ ಗಾಡಿ ಬಿಟ್ಟು ಸಂಜೆ ತರುತ್ತಾನೆ. ನಮಗೆ ಅದೇ ಕೆಲಸಕ್ಕೆ ಘಟ್ಟ ಇಳಿದು ಹತ್ತುವ ಇಡೀ ದಿನ ಬೇಕು.

ನನ್ನದೇ ಅನುಭವವನ್ನೂ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಬೇಡ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದಿತಷ್ಟೆ. ಆ ವರ್ಷದ ಕೊನೆಗೆ, ಹೊಸ ನಿಯಮಕ್ಕೆ ಹೊಂದಿಸಿದ ಡೀಸೆಲ್ ಗಾಡಿಯೊಂದನ್ನು ಕೊಂಡೆ. ಹೊಗೆಯಲ್ಲಿನ ಮಸಿಯನ್ನು ಹಿಡಿಯುವ ಫಿಲ್ಟರ್ ಅದರಲ್ಲಿತ್ತು. ಗಾಳಿಗೆ ಒಳ್ಳೆಯದು ಎಂದು ಸಂತೋಷವೇ ಆಗಿತ್ತು. ಆದರೆ ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿ ತಕ್ಕಷ್ಟು ಹೊತ್ತು ಒಂದೇ ಸಮನೆ ವೇಗವಾಗಿ ಓಡಿ ಹೊಗೆ ಕೊಳವೆ ಚೆನ್ನಾಗಿ ಕಾಯಬೇಕು. ನಮ್ಮ ಓಡಾಟವೋ, ಸೊಸೈಟಿಗೆ ಆರು ಕಿಲೋಮೀಟರು, ಅದೂ ಎರಡನೇ ಗೇರಿನಲ್ಲಿ. ಇದನ್ನು ಮಾರುವಾಗ ಯಾರೂ ಹೇಳಲಿಲ್ಲ, ಕೇಳೋಣವೆಂದರೆ ಅಂಥ ಗಾಡಿ ಇಟ್ಟವರು ಸುತ್ತಲೆಲ್ಲೂ ಇರಲಿಲ್ಲ. ಮರುವರ್ಷದ ಜುಲೈನಲ್ಲಿ, ಜ್ವರದಿಂದ ನಡುಗುತ್ತಿದ್ದ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಘಟ್ಟದ ತಿರುವಿನಲ್ಲಿ ಎಚ್ಚರಿಕೆಯ ದೀಪ ಹತ್ತಿ ಇಂಜಿನ್ನಿನ ಬಲ ಕುಸಿಯಿತು. ಧೋ ಎಂದು ಸುರಿಯುವ ಮಳೆಯಲ್ಲಿ, ಮೇಲಿನಿಂದ ಬಂದ ಜೀಪೊಂದು ಅಮ್ಮನನ್ನು ಆಸ್ಪತ್ರೆಗೆ ಮುಟ್ಟಿಸಿತು. ಪೇಟೆಯ ಮೆಕ್ಯಾನಿಕ್ ಬಾನೆಟ್ ತೆರೆದು ನೋಡಿ, ‘ಇದಕ್ಕೆ ಕಂಪ್ಯೂಟರ್ ಬೇಕು ಸ್ವಾಮಿ, ನನ್ನಿಂದಾಗದು’ ಎಂದು ಕೈಮುಗಿದ. ಎಪ್ಪತ್ತು ಕಿಲೋಮೀಟರು ದೂರದ ಸರ್ವಿಸ್ ಸೆಂಟರಿನಲ್ಲಿ ಗಾಡಿ ಹತ್ತೊಂಬತ್ತು ದಿನ ನಿಂತಿತು. ಕೊನೆಗೆ ಸಾಫ್ಟ್‌ವೇರ್ ಬದಲಿಸಿ ಕೊಟ್ಟರು. ಅನಂತರ ಮಾರಿದ ಗಾಡಿಗಳಿಗೆ ಅದು ಮೊದಲೇ ಬರುತ್ತಿತ್ತೆಂದು ತಿಳಿಯಿತು.

ಕಾಯುವುದಕ್ಕೂ ಬೆಲೆಯಿದೆ ಎಂಬುದನ್ನು ಒಪ್ಪುತ್ತೇನೆ. 2024ರ ಮೇ ತಿಂಗಳಲ್ಲಿ ಬಂದ ಹೊಸ ಸ್ವಿಫ್ಟ್ ಹೊರನೋಟಕ್ಕೆ ಹಳೆಯದರ ತಮ್ಮನಂತೆಯೇ ಇತ್ತು. ಒಳಗೆ ಮಾತ್ರ ನಾಲ್ಕು ಸಿಲಿಂಡರಿನ ಇಂಜಿನ್ ಹೋಗಿ ಮೂರು ಸಿಲಿಂಡರಿನದು ಬಂದಿತ್ತು, ಹಳೆಯದರ ಎರಡು ಏರ್‌ಬ್ಯಾಗುಗಳ ಜಾಗದಲ್ಲಿ ಎಲ್ಲ ಶ್ರೇಣಿಗೂ ಆರು ಬಂದಿದ್ದವು. ಮಕ್ಕಳನ್ನು ಕೂರಿಸಿಕೊಂಡು ದಿನವೂ ಘಟ್ಟ ಇಳಿಯುವವನಿಗೆ, ಏರ್‌ಬ್ಯಾಗೇ ಇಲ್ಲದ ಹಳೆಯ ಗಾಡಿಯಲ್ಲಿ ಇನ್ನೊಂದು ವರ್ಷ ತಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿ ನನ್ನ ವಾದ ದುರ್ಬಲವೇ. ಬಂಪರು, ದೀಪಗಳು ಮಾತ್ರ ಬದಲಾಗಿದ್ದರೆ ಕಾಯುವ ಅಗತ್ಯವೂ ಇಲ್ಲ. ಇಂಜಿನ್, ಗೇರ್‌ಬಾಕ್ಸ್, ಅಡಿಗಟ್ಟು ಹೊಸದಾಗಿದ್ದರೆ ಮಾತ್ರ ಯೋಚಿಸಬೇಕು. ಮನೆಯಲ್ಲಿರುವ ಗಾಡಿ ಇನ್ನೂ ಗಟ್ಟಿಯಾಗಿದ್ದವರು ಕಾದರೆ ಕಳೆದುಕೊಳ್ಳುವುದೇನು? ಅಷ್ಟು ಉಕ್ಕು, ಅಷ್ಟು ರಬ್ಬರು ಒಂದು ವರ್ಷ ಹೆಚ್ಚು ಬಾಳುತ್ತದೆ. ಅಷ್ಟರಲ್ಲಿ ಪೇಟೆಯ ಸ್ಟ್ಯಾಂಡಿನಲ್ಲಿ ಆ ಮಾದರಿಯ ಟ್ಯಾಕ್ಸಿ ಬಂದರಂತೂ, ಶೋರೂಮಿನ ಹುಡುಗನಿಗಿಂತ ಅದರ ಚಾಲಕನನ್ನು ಕೇಳುವುದು ಲೇಸು.

ಮೂವರಲ್ಲಿ ಒಬ್ಬರು ನನ್ನ ಮಾತು ಮುಗಿಯುವ ಮೊದಲೇ ಮುಂಗಡ ಕೊಟ್ಟು ಬಂದಿದ್ದರಂತೆ. ಉಳಿದಿಬ್ಬರು ಈಗ ಅವರ ಗಾಡಿ ಈ ಮಳೆಗಾಲ ಹೇಗೆ ಕಳೆಯುತ್ತದೆಂದು ನೋಡುತ್ತ ಕುಳಿತಿದ್ದಾರೆ.